ತಿಂಡಿ ಮುಗಿಸಿ ಹೊರಟರೆ

ದೂರವನ್ನು ಒಂಬೈನೂರರಿಂದ ಭಾಗಿಸು, ಮೇಲೆ ಅರ್ಧ ಗಂಟೆ ಸೇರಿಸು, ಆಯ್ತಪ್ಪ ವಿಮಾನ ಪ್ರಯಾಣ! ಅವಳ ಕೆಲಸ ಇಷ್ಟೇ. ಯಾವ ಎರಡು ಊರಿನ ಹೆಸರು ಕೊಟ್ಟರೂ ಕಂಪ್ಯೂಟರ್ ನಕಾಶೆಯ ಮೇಲೆ ಗೆರೆ ಎಳೆದು ಕಿಲೋಮೀಟರ್ ಹೇಳುತ್ತಿತ್ತು. ಅವಳು ಅದಕ್ಕೊಂದಿಷ್ಟು ಒಗ್ಗರಣೆ ಹಾಕಿ ವೆಬ್‌ಸೈಟಿಗೆ ಏರಿಸಬೇಕು. ದಿನಕ್ಕೆ ನಲವತ್ತು ಪುಟ. ಆ ಗೆರೆಯ ಮೇಲೆ ನಿಜವಾಗಿ ವಿಮಾನ ಹಾರುತ್ತದಾ ಎಂದು ಹೊಸದರಲ್ಲಿ ಒಮ್ಮೆ ಕೇಳಿದ್ದಳು. ಕಚೇರಿಯವರು ಬೆನ್ನ ಹಿಂದೆ 'ಭಾಗಾಕಾರ' ಎಂದು ಕರೆಯುತ್ತಿದ್ದ ಮೇಲಧಿಕಾರಿ ಹಲ್ಲುಸಂದಿ ಕೆದಕುತ್ತಲೇ, "ಓದೋರೇನು ಇದನ್ನ ನಂಬ್ಕೊಂಡು ಹೊರಡ್ತಾರಾ? ಸುಮ್ನೆ ಬರೀರಮ್ಮ," ಎಂದಿದ್ದ. ಕೆದಕಿದ ಕಡ್ಡಿಯನ್ನು ಅವಳ ಮೇಜಿನ ಮೇಲೇ ಇಟ್ಟು ಹೋಗಿದ್ದ. ಥೂ! ಅದನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಎಸೆದಿದ್ದಳು. ಆದರೂ ಬರೆದಳು.

ಸೋಮವಾರ ಮಧ್ಯಾಹ್ನ ಅಣ್ಣನ ಫೋನ್ ಬಂತು. ಅಮ್ಮನಿಗೆ ಗುರುವಾರ ಬೆಳಿಗ್ಗೆ ಹೃದಯದ ಆಪರೇಷನ್. ಬದುಕಿದರೆ ಪುಣ್ಯ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. "ಒಳಗೆ ಹೋಗೋಕೆ ಮುಂಚೆ ಅವನ ಮುಖ ಒಂದ್ಸಲ ನೋಡಿಬಿಡ್ತೀನಿ ಕಣೆ," ಎಂದು ಅಮ್ಮ ಒಂದೇ ಹಟ ಹಿಡಿದಿದ್ದಳು. ಅಣ್ಣ ದೂರದೇಶದ ಹಡಗುಕಟ್ಟೆಯಲ್ಲಿ ವೆಲ್ಡರ್. ಏಳು ವರ್ಷದ ಹಿಂದೆ ಹೋದದ್ದೂ ಹಡಗಿನಲ್ಲೇ, ವಿಮಾನ ಹತ್ತಿದವನಲ್ಲ.

"ಬುಧವಾರದಿಂದ ರಜ ಹಾಕಿದೀನಿ," ಅಂದ.

"ನಾಳೆನೇ ಹೊರಡಬಾರದಾ ಅಣ್ಣ?"

"ಯಾಕೆ? ಹನ್ನೊಂದೂವರೆ ಗಂಟೆ ಅಷ್ಟೇ ಕಣೇ. ಫೋನಲ್ಲಿ ನೋಡಿದೆ. 'ತಿಂಡಿ ಮುಗಿಸಿ ಹೊರಟರೆ ರಾತ್ರಿ ಊಟಕ್ಕೆ ಅಮ್ಮನ ಮುಂದೆ ಹಾಜರ್!' ಅಂತ ಬರೆದಿದಾರೆ."

ಆ ಒಗ್ಗರಣೆ ಅವಳದೇ. ಆ ಎರಡು ಊರಿನ ಪುಟ ಬರೆಯುವಾಗ ಅಣ್ಣ ನೆನಪಾಗಿ, ಆಸೆಯಿಂದ ಸೇರಿಸಿದ ಮಾತು. ಅದು ಸುಳ್ಳು, ನಾನೇ ಬರೆದದ್ದು ಎಂದು ಅಲ್ಲೇ ಹೇಳಬೇಕಿತ್ತು. ಆದರೆ ದೊಡ್ಡ ಕೆಲಸ ಎಂದು ಅವನೆದುರು ಕೊಚ್ಚಿಕೊಂಡಿದ್ದವಳಿಗೆ ನಾಲಿಗೆ ಏಳಲಿಲ್ಲ. "ಟಿಕೆಟ್ ಒಂದ್ಸಲ ವಿಚಾರಿಸಣ್ಣ," ಎಂದು ತೇಲಿಸಿಬಿಟ್ಟಳು.

ಅವನು ವಿಚಾರಿಸಿದ್ದು ಮಂಗಳವಾರ ಸಂಜೆ. ನೇರ ವಿಮಾನವೇ ಇಲ್ಲ! ಬುಧವಾರ ಬೆಳಿಗ್ಗೆ ಹೊರಟು ಮೂರು ವಿಮಾನ ಹತ್ತಿಳಿಯಬೇಕು, ನಡುವೆ ಬೆಂಚಿನ ಮೇಲೆ ಕಾಯಬೇಕು, ಎಲ್ಲಾ ಸೇರಿ ಮೂವತ್ತನಾಲ್ಕು ಗಂಟೆ. ಒಂದು ದಿನ ಮುಂಚೆ ಹೊರಟಿದ್ದರೆ ಸಾಕಿತ್ತು.

ಗುರುವಾರ ಅಮ್ಮ ಸ್ಟ್ರೆಚರ್ ಮೇಲಿಂದಲೇ ಬಾಗಿಲ ಕಡೆ ಕತ್ತು ತಿರುಗಿಸಿದಳು. "ಎಲ್ಲೀವರೆಗೆ ಬಂದನಂತೆ?"

"ಇನ್ನೇನು ಬಂದ್ಬಿಟ್ಟ ಅಮ್ಮ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅವಳಿಗೆ ತನ್ನ ಬಾಯಿಯ ಮೇಲೇ ಹೇಸಿಗೆಯಾಯಿತು. ಅಮ್ಮ ಅದನ್ನೂ ನಂಬಿ, "ಎರಡು ನಿಮಿಷ ತಡಿಯವ್ವ, ನನ್ನ ಮಗ ಬರ್ತಿದ್ದಾನೆ," ಎಂದು ನರ್ಸಿನ ಕೈ ಹಿಡಿದುಕೊಂಡಳು. ನರ್ಸು ಪಾಪ, ಐದು ನಿಮಿಷ ತಡೆದಳು. ಆಮೇಲೆ ಒಳಗೆ ತಳ್ಳಿಕೊಂಡು ಹೋದಳು. ಅಮ್ಮ ಮತ್ತೆ ಕಣ್ಣು ಬಿಡಲಿಲ್ಲ.

ಅಣ್ಣ ಬಂದಾಗ ಸಂಜೆ ಆರು. ಬಹಳ ಹೊತ್ತು ಅಮ್ಮನ ಕಾಲು ಹಿಡಿದು ಕೂತಿದ್ದ. ಆಮೇಲೆ ಹೊರಗೆ ಬಂದು, ಫೋನ್ ತೆಗೆದು ಆ ಪುಟವನ್ನು ಅವಳ ಮುಂದೆ ಹಿಡಿದ.

"ಯಾವ ಕತ್ತೆ ಬರೆದಿದ್ದೋ ಇದನ್ನ! ಕೈಗೆ ಸಿಕ್ಕಿದ್ರೆ ಮುಖಕ್ಕೆ ಉಗೀತಿದ್ದೆ."

ಅವಳು ಇನ್ನೂ ಹತ್ತಿರ ಹೋಗಿ ನಿಂತಳು.

"ನಾನೇ ಅಣ್ಣ ಬರೆದಿದ್ದು," ಅಂದಳು. "ಉಗಿ."