ತಪ್ಪು ಸಿಕ್ಕಾಗ ಬಾರಿಸುವ ಗಂಟೆ

ತಮಿಳುನಾಡಿನ ತೇನಿ ಪಟ್ಟಣದ ಹತ್ತಿರ, ಕೊಂಬೈ ಎಂಬ ಊರಿನ ಪುಟ್ಟ ಶಾಲೆಯಲ್ಲಿ, ಟೀಚರ್ ಹೇಳಿದ್ದು ತಪ್ಪೆಂದು ತೋರಿಸಿದ ಮಗು ಗಂಟೆ ಬಾರಿಸಬಹುದಿತ್ತು. ಅದು ಶಾಲೆ ನಡೆಸುವ ಅಮುದಾ ಮಾಡಿದ ನಿಯಮ. ದ್ರಾಕ್ಷಿಬಳ್ಳಿ ತಂತಿ ಹಿಡಿಯಲು ಚಾಚುವ ಕುಡಿ ಒಂದೇ ದಿಕ್ಕಿಗೆ ಸುತ್ತುತ್ತದೆ ಎಂದು ಅವಳು ಪಾಠ ಮಾಡಿದ ಮರುದಿನ, ಅಭಿರಾಮಿ ಎಂಬ ಹುಡುಗಿ ತಮ್ಮ ದ್ರಾಕ್ಷಿ ಚಪ್ಪರದಿಂದ ಒಂದು ಕುಡಿ ತಂದಳು. ಅದು ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಸುತ್ತಿತ್ತು. ಗಂಟೆ ಬೀದಿಗೆಲ್ಲ ಕೇಳಿಸಿತು.

ಸಂಜೆ ಹುಡುಗಿಯ ಅಪ್ಪ ಪ್ರೇಮ್‌ಕುಮಾರ್ ಅವಳನ್ನು ಕರೆದುಕೊಂಡು ಶಾಲೆಗೆ ಬಂದ.

“ಟೀಚರಮ್ಮಾ, ಪಿಳ್ಳೆಗಳು ದೊಡ್ಡೋರ ತಪ್ಪು ಹಿಡಿಯೋದಾ? ಆ ಗಂಟೆ ಕಳಚಿ. ಇಲ್ಲಾಂದ್ರೆ ಇವಳನ್ನ ನಾಳೆಗೇ ತೇನಿ ಸ್ಕೂಲಿಗೆ ಸೇರಿಸ್ತೀನಿ.”

ಅಭಿರಾಮಿ ಟೀಚರ ಸೆರಗು ಹಿಡಿದಳು.

“ಕಳಚೋದಿಲ್ಲ ಅಣ್ಣಾ,” ಎಂದಳು ಅಮುದಾ. “ಗಂಟೆ ಇಲ್ಲದ ಮೇಲೆ ಇದು ಸ್ಕೂಲೇ ಅಲ್ಲ. ಇವಳು ಹೋದರೂ ಸರಿ, ಅದು ಅಲ್ಲೇ ಇರ್ತದೆ.”

“ಚಪ್ಪರದಡೀಲೇ ಬೆಳೆದೋನು ನಾನು. ಕುಡಿ ಸುತ್ತೋದು ಒಂದೇ ಪಕ್ಕ!”

ಅಭಿರಾಮಿ ಕುಡಿಯನ್ನು ಅಪ್ಪನ ಅಂಗೈಗಿಟ್ಟಳು. ಅವನು ಉಗುರಿನಿಂದ ಸುರುಳಿಯ ಜಾಡು ಹಿಡಿದು ಬಂದ. ನಡುವೆ ಅದು ತಿರುವುಮುರುವಾಗಿತ್ತು. ಅವನ ಬೆರಳು ಅಲ್ಲೇ ನಿಂತಿತು.

ಹುಡುಗಿ ಓಡಿ ಹೋಗಿ ಹಗ್ಗ ಎಳೆದಳು.

“ಅಡಿಯೇ ಹುಡುಗೀ, ಅಪ್ಪನಿಗೇ ಗಂಟೆ ಬಾರಿಸ್ತೀಯಾ?” ಎಂದ ಅವನು. ತೇನಿಯ ಮಾತು ಮಾತ್ರ ಮತ್ತೆ ಎತ್ತಲಿಲ್ಲ.