ಪುಕ್ಕಟೆ ಪಂಚಾಂಗ

ಸೋದರಮಾವನ ವರ್ಷದ ತಿಥಿ. ಮಧ್ಯಾಹ್ನದ ಎಡೆಗೆ ಬರಲಾಗದ ತ್ರಾಮ್ ಸಂಜೆಗಾದರೂ ಮುಖ ತೋರಿಸೋಣವೆಂದು ಹಣ್ಣಿನ ಬುಟ್ಟಿ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಒಲೆ ತಣ್ಣಗಿತ್ತು. ಹಿರಿಯರ ಪೀಠದ ಮುಂದೆ ಒಂದು ಊದುಬತ್ತಿಯೂ ಇರಲಿಲ್ಲ. ಲಾಯ್ ಅತ್ತೆ ಜಗಲಿಯಲ್ಲಿ ಕೂತು ಕಾಲುಗುರು ಕತ್ತರಿಸಿಕೊಳ್ಳುತ್ತಿದ್ದಳು.

“ಏನೇ, ಒಂದಿನ ಮುಂಚೇನೇ ಬಂದ್ಬಿಟ್ಟೆ? ನಮ್ಮನೆ ಊಟ ಅಂದ್ರೆ ಅಷ್ಟು ಆತುರಾನಾ?”

“ತಿಥಿ ಇವತ್ತಲ್ವಾ ಅತ್ತೆ?”

“ನಾಳೆ ಕಣೇ. ಫೋನೇ ಹೇಳ್ತಲ್ಲ.”

ತ್ರಾಮ್ ಅತ್ತೆಯ ಫೋನು ಇಸಿದುಕೊಂಡು ನೋಡಿದಳು. ಅದರಲ್ಲಿದ್ದದ್ದು ತಾನು ಕಾಸಿಗೆ ಮಾರುವ ಪಂಚಾಂಗದ ಆ್ಯಪ್ ಅಲ್ಲ. ಅವಳೊಬ್ಬಳೇ ಕೂತು ಬರೆದ, ಹ್ವೇ ಊರಿನ ಮನೆಮನೆಗೂ ತಿಥಿ ನೆನಪಿಸಿ ಅವಳ ಹೊಟ್ಟೆ ಹೊರೆಯುತ್ತಿದ್ದ ಪಂಚಾಂಗದ ಜಾಗದಲ್ಲಿ ಪುಕ್ಕಟೆಯದೊಂದು ಕೂತಿತ್ತು. ಯಾರ್ಯಾರೋ ಸೇರಿ ಬರೆದದ್ದು, ಯಾರು ಬೇಕಾದರೂ ತೆರೆದು ತಿದ್ದಬಹುದಾದದ್ದು. ಅದು ಬಂದಮೇಲೆ ಗಿರಾಕಿಗಳು ಒಬ್ಬೊಬ್ಬರೇ ಕಳಚಿಕೊಂಡಿದ್ದರು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜನ. ಇಲ್ಲಂತೂ ಸತ್ತ ಮಾವನ ಪಾಲಿಗೂ ಆ ಬಿಟ್ಟಿಯದೇ ಬಂದಿತ್ತು.

“ಪಕ್ಕದ್ಮನೆಯವಳು ಹಾಕ್ಕೊಟ್ಳು,” ಎಂದಳು ಅತ್ತೆ. “ಬಿಟ್ಟಿ ಅಂದ್ಳು. ನಿಂಗೆ ಹೇಳೋಕೆ ನಾಚ್ಕೆ ಆಯ್ತು ಕಣೇ.”

ತ್ರಾಮ್ ಪರದೆಯ ಮೇಲಿನ ತಾರೀಖಿಗೆ ಬೆರಳಿಟ್ಟಳು. “ಅತ್ತೆ, ಇದು ಬೀಜಿಂಗ್ ಗಡಿಯಾರ ಹಿಡ್ದು ಲೆಕ್ಕ ಹಾಕುತ್ತೆ. ಅದು ನಮಗಿಂತ ಒಂದು ಗಂಟೆ ಮುಂದೆ. ಈ ಸಲ ಅಮಾವಾಸ್ಯೆ ನಮ್ಮಲ್ಲಿ ನಡುರಾತ್ರಿ ಒಳಗೇ ಆಯ್ತು, ಅಲ್ಲಿ ಆಗ್ಲೇ ಮಾರನೇ ದಿನ. ತಿಂಗಳು ಎಣಿಸೋದು ಆ ದಿನದಿಂದ, ಅದಕ್ಕೇ ಇದು ಒಂದಿನ ತಡ ತೋರಿಸ್ತಿದೆ. ಮಾವನ ತಿಥಿ ಇವತ್ತೇ.”

ಅತ್ತೆಯ ಕೈಯಿಂದ ಕತ್ತರಿ ಜಾರಿತು. ಅವಳು ಹಿರಿಯರ ಪೀಠದ ಕಡೆ ತಿರುಗಿದಳು.

“ಮಧ್ಯಾಹ್ನ ನಿಮ್ಮಾವ ಎಡೆಗೆ ಬಂದಾಗ ನಾನು ಮಲ್ಗಿದ್ನಲ್ಲೇ,” ಎಂದಳು. “ಅಷ್ಟು ಜನ ಸೇರಿ ಬರ್ದಿದ್ದಾರಂತೆ. ಒಬ್ಬರ ಕಣ್ಣಿಗೂ ಬೀಳ್ಲಿಲ್ವಾ ಇದು?”

ಬಿದ್ದಿತ್ತು. ತ್ರಾಮ್‌ಳ ಕಣ್ಣಿಗೇ ಬಿದ್ದಿತ್ತು. ಹೊಸವರ್ಷಕ್ಕೆ ಮುಂಚೆಯೇ ಆ ಪುಕ್ಕಟೆಯದನ್ನು ಬಿಚ್ಚಿ ನೋಡಿದ್ದಳು. ಜಾಗತಿಕ ವೇಳೆಗಿಂತ ನಾವು ಏಳು ಗಂಟೆ ಮುಂದೆ, ಬೀಜಿಂಗ್ ಎಂಟು; ಅದರಲ್ಲಿ ಏಳು ಇರಬೇಕಾದಲ್ಲಿ ಎಂಟಿತ್ತು. ತಿದ್ದಿ ಕಳಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಲೆಕ್ಕ ತಪ್ಪುವ ಆ ತಿಂಗಳು ಬರಲಿ, ಊರಿನವರ ತಿಥಿಗಳು ಎಡವಟ್ಟಾಗಲಿ, ಆಗ ಬಿಟ್ಟಿಯ ಬೆಲೆ ತಿಳಿದು ನನ್ನ ಬಾಗಿಲಿಗೇ ಬರುತ್ತಾರೆ ಎಂದು ಕಾದಿದ್ದಳು. ತುತ್ತಿಟ್ಟು ಸಾಕಿದ ಮಾವನೂ ಆ ಊರಿನವನೇ ಎಂಬುದು ಹೊಳೆದೇ ಇರಲಿಲ್ಲ.

“ನಂಗೆ ಗೊತ್ತಿತ್ತು ಅತ್ತೆ. ಹೇಳ್ಬಿಟ್ರೆ ನನ್ನ ಹೊಟ್ಟೆಪಾಡು ಏನಾಗ್ಬೇಕು ಅಂತ ಸುಮ್ನಿದ್ದೆ.”

ಅತ್ತೆ ಅವಳನ್ನು ಗುರುತಿಲ್ಲದವಳಂತೆ ನೋಡಿದಳು. ಎದ್ದು ಹೋಗಿ ಒಲೆ ಹಚ್ಚಿದಳು.

“ಮಂಡಿನೋವಿನ ಮನುಷ್ಯ,” ಎಂದಳು ತನಗೆ ತಾನೇ. “ಇನ್ನೂ ಬಹಳ ದೂರ ಹೋಗಿರ್ಲಿಕ್ಕಿಲ್ಲ.”

ತ್ರಾಮ್ ಅಕ್ಕಿ ತೊಳೆಯಲು ಪಾತ್ರೆ ಎತ್ತಿಕೊಂಡಳು. ಅತ್ತೆ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು.

“ನೀನು ಮುಟ್ಬೇಡ. ಮೊದ್ಲು ಆ ಪಂಚಾಂಗ ತಿದ್ದು ಹೋಗು. ಬೇರೆ ಮನೆಗಳಿಗೂ ಹಸ್ಕೊಂಡು ಬರೋರಿದ್ದಾರೆ.”

ತ್ರಾಮ್ ಜಗಲಿಯಲ್ಲಿ ಕೂತು ಎಂಟನ್ನು ಅಳಿಸಿ ಏಳು ಬರೆದು ಕಳಿಸಿದಳು. ಕಾಸು ಕೊಟ್ಟು ತನ್ನದನ್ನೇ ಕೊಳ್ಳಿ ಎನ್ನಲು ಅವಳ ಬಳಿ ಉಳಿದಿದ್ದ ಕಾರಣ ಆ ಒಂದು ಅಂಕಿ ಮಾತ್ರ.