ಕತ್ತರಿ ಕುಟ್ಟಿದ ಸದ್ದು

ನನ್ನ ನಾಲಿಗೆಯನ್ನು ರಿಪೇರಿ ಮಾಡಿದ್ದು ಅಣ್ಣನ ಕತ್ತರಿ.

ಅದಕ್ಕೆ ಮೊದಲು ಹಲವು ವರ್ಷ ನಾನು ಒಂದು ಕೂಟದಲ್ಲಿದ್ದೆ. ಅದರ ಗುರುವನ್ನು ದೊಡ್ಡವರು ಎನ್ನುತ್ತಿದ್ದೆವು. ಒಳಗಿದ್ದವರೆಲ್ಲ 'ಎದ್ದವರು', ಹೊರಗಿನ ಲೋಕವೆಲ್ಲ 'ಮಲಗಿದವರು'. ಹೆತ್ತ ತಾಯಿಯೂ ಮಲಗಿದವಳೇ. ಅಂಥವರ ಜೊತೆ ಮಾತಾಡಿದರೆ ನಿದ್ದೆ ಅಂಟುತ್ತದೆ ಎಂದು ದೊಡ್ಡವರು ಹೇಳಿದ್ದನ್ನು ಕಣ್ಣು ಮುಚ್ಚಿಕೊಂಡು ನಂಬಿದ್ದೆ. ಎದ್ದವಳು ಕಣ್ಣು ಯಾಕೆ ಮುಚ್ಚಬೇಕು ಎಂದು ಆಗ ಹೊಳೆಯಲೇ ಇಲ್ಲ.

ಅಣ್ಣನೇ ಬಂದು ಬಿಡಿಸಿಕೊಂಡು ಹೋದ. ಮನೆಯಲ್ಲಿ ಒಂದು ಕೋಣೆ ಕೊಟ್ಟ. ತನ್ನ ಹೊಲಿಗೆ ಅಂಗಡಿಯಲ್ಲಿ, ಗುಂಡಿ ಹಚ್ಚಲೂ ಬಾರದ ನನಗೆ ಕಿಟಕಿ ಪಕ್ಕದ ಕುರ್ಚಿ ಕೊಟ್ಟ. ಬಾಯಿತಪ್ಪಿ 'ಮಲಗಿದವರು' ಎಂದರೆ ಸಾಕು, ಕತ್ತರಿಯ ಹಿಡಿಯಿಂದ ಮೇಜಿಗೆ ಟಕ್ ಎಂದು ಕುಟ್ಟುತ್ತಿದ್ದ. ಬೈಗುಳವಿಲ್ಲ, ಉಪದೇಶವಿಲ್ಲ, ಬರೀ ಟಕ್. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಬರುಬರುತ್ತ ಆ ಸದ್ದು ನನ್ನ ತಲೆಯೊಳಗೇ ಆಗತೊಡಗಿತು. ಹಿಂದಿನ ಕೋಣೆಯಲ್ಲಿ ಇಸ್ತ್ರಿಯವಳು ಕಿಸಕ್ಕನೆ ನಗುವುದೂ ಕೇಳಿಸುತ್ತಿತ್ತು.

ಮೊನ್ನೆ ಅತ್ತಿಗೆ ಮೊಮ್ಮಗುವನ್ನು ನೋಡಿಕೊಳ್ಳಲು ಮಗಳ ಮನೆಗೆ ಹೋದಳು. ಅವಳು ಕೂರುತ್ತಿದ್ದ ಕೌಂಟರು ಖಾಲಿಯಾಯಿತು. ಇಸ್ತ್ರಿಯವಳು ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಅಲ್ಲಿ ನಾನು ಕೂರ್ಲಾ ಸಾರ್? ಅಳತೆ ತಗೊಳ್ಳೋದು ಗೊತ್ತು, ಗಿರಾಕಿಗಳೂ ಗೊತ್ತು. ಈ ಹಬೆಗೆ ಉಸಿರು ಕಟ್ತಿದೆ. ಆ ಕೋಣೆ ಬಿಡದಿದ್ರೆ ಶ್ವಾಸಕೋಶ ಕೈ ಕೊಡುತ್ತೆ ಅಂದಿದಾರೆ ಡಾಕ್ಟ್ರು."

"ನೋಡೋಣ," ಅಂದ ಅಣ್ಣ. ನಮ್ಮ ಮನೆಯಲ್ಲಿ 'ನೋಡೋಣ' ಎಂದರೆ ಆಗುವುದಿಲ್ಲ ಎಂದರ್ಥ. ಅವಳು ಒಳಗೆ ಹೋದದ್ದೇ ನನ್ನ ಕಡೆ ತಿರುಗಿದ. "ನಮ್ಮೋರ ಹುಡುಗಿ ಯಾರಾದ್ರೂ ಇದ್ರೆ ಹೇಳು."

"ನಮ್ಮೋರು ಅಂದ್ರೆ?"

"ಏನೂ ಗೊತ್ತಿಲ್ಲದೋಳ ಥರ ಆಡ್ಬೇಡ. ಅವಳ ಬಣ್ಣ ನೋಡು, ಕೂದಲು ನೋಡು. ಅವಳ ಮುತ್ತಜ್ಜ ಎಲ್ಲಿಂದ್ಲೋ ಬಂದೋನು. ನನಗೇನಿಲ್ಲಮ್ಮ, ಗಿರಾಕಿಗಳು ಮುಖ ಸಿಂಡರಿಸ್ತಾರೆ."

ದೊಡ್ಡವರೂ ಹೀಗೇ ಹೇಳುತ್ತಿದ್ದರು: ನನಗೇನಿಲ್ಲ, ಮಲಗಿದವರನ್ನು ಕಂಡರೆ ಬೆಳಕಿಗೆ ಆಗುವುದಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಚಡಪಡಿಕೆ. ದಾರ ಪೋಣಿಸಲು ಕೂತೆ, ಎದ್ದೆ, ಮತ್ತೆ ಕೂತೆ. ಕಿವಿಗೆ ಅದೊಂದೇ ಮಾತು ಬೀಳತೊಡಗಿತು. ನಮ್ಮೋರ ಅಂಗಡಿ, ನಮ್ಮೋರ ಬೀದಿ, ನಮ್ಮೋರ ಡಾಕ್ಟ್ರು. ಹಾಗಾದರೆ ಹಿಂದಿನ ಕೋಣೆಯಲ್ಲಿ ಕೆಮ್ಮುವವಳು ಯಾರವಳು? ಒಂದು ಕೂಟ ಬಿಟ್ಟು ಬಂದೆ ಎಂದುಕೊಂಡಿದ್ದೆ, ಆದರೆ ಹುಟ್ಟಿದ್ದೇ ಇನ್ನೊಂದರಲ್ಲಿ. ಇದಕ್ಕೆ ಸೇರಿಸಿಕೊಳ್ಳುವಾಗ ನನ್ನನ್ನು ಯಾರೂ ಕೇಳಿರಲಿಲ್ಲ. ಕಿಟಕಿ ಪಕ್ಕದ ಕುರ್ಚಿ ನನಗೇ ಯಾಕೆ ಸಿಕ್ಕಿತು ಎಂದು ನಾನೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅಣ್ಣ ಫೋನಿನಲ್ಲಿದ್ದ. "ಹ್ಞೂಂ, ನಮ್ಮೋರ ಹುಡುಗೀನೇ ಬೇಕು."

ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡು ಕುಟ್ಟಿದೆ. ಟಕ್.

ಅವನು ತಿರುಗಿ ನೋಡಿದ. "ಅದೇ, ನಮ್ಮೋರು ಅಂದ್ರೆ..." ಟಕ್.

ಫೋನು ಕೆಳಗಿಟ್ಟ. ಮುಖ ಕೆಂಪಾಗಿತ್ತು. "ನನ್ನ ಕತ್ತರಿ ನನಗೇನಾ? ಇಷ್ಟ ಇಲ್ದಿದ್ರೆ ಬಾಗಿಲು ತೆರೆದೇ ಇದೆ."

ಅಕ್ಷರ ಅಕ್ಷರವೂ ದೊಡ್ಡವರ ಮಾತು. ಕೂಟದ ಆ ಬಾಗಿಲು ದಾಟಿದ ದಿನ ಹೋಗಲು ಅಣ್ಣನ ಮನೆಯಾದರೂ ಇತ್ತು. ಇದನ್ನು ದಾಟಿದರೆ ಬೀದಿಯೇ ಗತಿ. ನನಗೆ ನಿಜಕ್ಕೂ ಹೆದರಿಕೆಯಾಯಿತು, ಆದರೂ ಕತ್ತರಿ ಕೆಳಗಿಡಲಿಲ್ಲ.

"ನಾನು ಹೋಗಲ್ಲ," ಅಂದೆ. "ಇದನ್ನ ಕಲಿಸಿದ್ದು ನೀನೇ ಅಣ್ಣ. ನನಗೂ ಮೈ ಉರೀತಿತ್ತು, ನಾನೇನು ಸತ್ತೋಗಿಲ್ಲ."

ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಕೊನೆಗೆ ನನ್ನ ಮುಖ ನೋಡದೆ, "ಒಂದು ವಾರ ಕೂರ್ಲಿ. ಗಿರಾಕಿ ತಪ್ಪಿದ್ರೆ ನೀನೇ ಹೊಣೆ," ಅಂದ.

ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕತ್ತರಿ ಕೈಯಲ್ಲೇ ಇತ್ತು, ಹಿಂದಿನ ಕೋಣೆಗೆ ಓಡಿದೆ. "ಲೇ, ಇಸ್ತ್ರಿ ಆರ್ಸಿ ಬಾರೇ! ಕೌಂಟ್ರಲ್ಲಿ ಇನ್ಮೇಲೆ ನೀನೇ. ನಾನು ಕೊಡ್ಸಿದೀನಿ ನಿಂಗೆ!"

ಹಬೆಯ ನಡುವೆ ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಕೈ ಚಾಚಿ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡಳು. ತಿರುಗಿಸಿ ಹಿಡಿದು ಇಸ್ತ್ರಿ ಹಲಗೆಗೆ ಕುಟ್ಟಿದಳು.

ಟಕ್.

ಯಾವ ಮಾತಿಗೆ ಎಂದು ಮೊದಲು ತಿಳಿಯಲಿಲ್ಲ. ಅವಳ ಕಿವಿಯ ಬಳಿಯ ಬಿಳಿ ಕೂದಲು ಕಂಡಿತು. ಅಣ್ಣನಿಗಿಂತಲೂ ಹೆಚ್ಚಿನ ವಯಸ್ಸು. ನಾನು ಅಂಗಡಿಗೆ ಬಂದ ದಿನದಿಂದ ಅವಳು ನನಗೆ 'ನೀವು' ಅನ್ನುತ್ತಿದ್ದಾಳೆ, ನಾನು ಅವಳಿಗೆ 'ನೀನು'. ಶಾಲೆಗೆ ಹೋಗುವ ಹುಡುಗಿ ಗಿರಾಕಿಯಾಗಿ ಬಂದರೂ 'ಬನ್ನಿ ಮೇಡಂ' ಎನ್ನುವ ನಾಲಿಗೆ ಇದು.

"ಬ..." ಅಂದೆ. ಬಾಗಿಲಿನಿಂದ ಪಕ್ಕಕ್ಕೆ ಸರಿದೆ. "ಬನ್ನಿ."

ಅವರು ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತರು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ದಾಟಿ ಕೌಂಟರಿನ ಕಡೆ ಹೊರಟರು. ಕತ್ತರಿಯನ್ನು ಮಾತ್ರ ವಾಪಸ್ಸು ಕೊಡಲಿಲ್ಲ.